ಮನೆಯೊಳಗಿನ ಕಚೇರಿ ಮತ್ತು ನ್ಯಾಸಧರ್ಮ

ಒಬ್ಬರು ನಂಬಿಕೆಯಿಂದ ಕೊಟ್ಟ ವಸ್ತುವನ್ನು ಮತ್ತೊಬ್ಬರು ತಮ್ಮಲ್ಲಿ ಇರಿಸಿಕೊಂಡು ಕಾಯುವುದಕ್ಕೆ ನ್ಯಾಸವೆಂದು ಹೆಸರು. ಪೇಟೆಯ ಮಾತಿನಲ್ಲಿ ಇದೇ ಠೇವಣಿ. ಮಹಾರಾಷ್ಟ್ರದಲ್ಲಿ ಟ್ರಸ್ಟುಗಳ ನೋಂದಣಿ ನಡೆಯುವ ಸರಕಾರಿ ಕಚೇರಿಯ ಫಲಕದ ಮೇಲೂ ‘ಸಾರ್ವಜನಿಕ ನ್ಯಾಸ’ ಎಂಬ ಶಬ್ದವೇ ಇರುವುದನ್ನು ಅನೇಕರು ಕಂಡಿರಬಹುದು. ಇಷ್ಟು ಹಳೆಯದಾದ ಈ ಶಬ್ದಕ್ಕೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಪ್ರಸಂಗ ಒದಗಿಬಂದಿದೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿದ್ದ ತರುಣರು ಸೊಲ್ಲಾಪುರ, ಅಕ್ಕಲಕೋಟ, ವಾಗದರಿಯಂತಹ ತಮ್ಮ ತಮ್ಮ ಊರುಗಳಿಗೆ ಮರಳಿದರು. ಅವರ ಚೀಲದಲ್ಲಿ ಬಟ್ಟೆಯ ಜೊತೆಗೆ ಕಂಪನಿಯ ಲ್ಯಾಪ್‌ಟಾಪ್ ಇತ್ತು. ಪಡಸಾಲೆಯ ಒಂದು ಮೂಲೆ, ಮಾಳಿಗೆಯ ಮೇಲಿನ ಕೋಣೆ, ಕೆಲವು ಮನೆಗಳಲ್ಲಿ ಜೋಳದ ಚೀಲಗಳ ಪಕ್ಕದ ಜಾಗವೇ ಕಚೇರಿಯಾಯಿತು. ಅವರಲ್ಲಿ ಬಹಳಷ್ಟು ಜನ ಮರಳಿ ಪಟ್ಟಣ ಸೇರಿದ್ದರೂ, ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಅನೇಕ ಕಂಪನಿಗಳಲ್ಲಿ ಉಳಿದುಕೊಂಡಿದೆ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಬಂದ ಮಗಳು ಅಥವಾ ಅಳಿಯ ಹಗಲಿಡೀ ಲ್ಯಾಪ್‌ಟಾಪಿನ ಮುಂದೆ ಕುಳಿತಿರುವುದು ಈಗ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ.

ಆ ಪೆಟ್ಟಿಗೆಯೊಳಗೆ ಇರುವುದಾದರೂ ಏನು? ಎಲ್ಲಿಯೋ ಇರುವ ರೋಗಿಯ ವಿಮಾ ಕಾಗದ, ಯಾರದೋ ಬ್ಯಾಂಕ್ ಖಾತೆಯ ಸಂಖ್ಯೆ, ಯಾರದೋ ಆಧಾರ್, ಯಾರದೋ ಸಂಬಳ, ಸಾಲ, ವಿಳಾಸ. ಇವೆಲ್ಲವೂ ಪರರ ವಸ್ತುಗಳು. ಅವು ಮನೆಯೊಳಗಿರುವಾಗ ಕಣ್ಣಿಗೆ ಕಾಣದ ಕಳ್ಳನೊಬ್ಬ ತಂತಿಯ ಮೂಲಕ ಬಂದು ಒಯ್ದರೆ ದೋಷ ಯಾರದು? ಕಳ್ಳನದೆಂಬುದು ಸ್ಪಷ್ಟ. ಆದರೆ ಇಟ್ಟುಕೊಂಡವನಿಗೆ ಅದರಲ್ಲಿ ಪಾಲಿಲ್ಲವೆ? ಇದು ಯಂತ್ರದ ಪ್ರಶ್ನೆಯೆಂದು ತಿಳಿದು ಹಿರಿಯರು ದೂರ ಸರಿಯುತ್ತಾರೆ. ವಾಸ್ತವವಾಗಿ ಇದು ಧರ್ಮದ ಪ್ರಶ್ನೆ. ಯಂತ್ರದ ಭಾಗ ಇದರಲ್ಲಿ ಸ್ವಲ್ಪ.

ಮನೆಯಲ್ಲಿ ಕುಳಿತು ಕೆಲಸ ಮಾಡುವುದು ಈ ಭಾಗಕ್ಕೆ ಹೊಸದೇನೂ ಅಲ್ಲ. ಮುಂದೆ ಅಂಗಡಿ, ಹಿಂದೆ ಸಂಸಾರ ಇರುವ ವಾಡೆಗಳಲ್ಲಿ ತಲೆಮಾರುಗಳೇ ವ್ಯಾಪಾರ ಮಾಡಿವೆ. ಅಂತಹ ಮನೆಗಳಲ್ಲಿ ಬರೆಯದ ಕಟ್ಟಳೆಗಳಿದ್ದವು. ಖಾತೆ ಕಿರ್ದಿಗಳು ಗಾದಿಯನ್ನು ಬಿಟ್ಟು ಅಡುಗೆಮನೆಗೆ ಬರುತ್ತಿರಲಿಲ್ಲ. ತಿಜೋರಿಯ ಕೀಲಿಕೈ ಗೂಟಕ್ಕೆ ತೂಗುತ್ತಿರಲಿಲ್ಲ. ಯಾವ ರೈತನ ಬಾಕಿ ಎಷ್ಟೆಂಬುದು ಊಟದ ಪಂಕ್ತಿಯಲ್ಲಿ ಮಾತಿಗೆ ಬರುತ್ತಿರಲಿಲ್ಲ. ಬಂದರೆ ಹಿರಿಯರು ಗದರಿಸುತ್ತಿದ್ದರು.

ಸೊಲ್ಲಾಪುರದ ಬೀಡಿ ಕಾರ್ಮಿಕ ಮಹಿಳೆಯರದು ಇನ್ನೊಂದು ಉದಾಹರಣೆ. ಬೀಡಿಯಿಂದ ಆಗುವ ಕೇಡಿನ ವಿಚಾರ ಇಲ್ಲಿ ಬೇಡ. ದುಡಿಯುವವರ ಪ್ರಾಮಾಣಿಕತೆಯಷ್ಟನ್ನೇ ನೋಡಬೇಕು. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಇವರಿಗಾಗಿಯೇ ಹತ್ತು ಸಾವಿರ ಮನೆಗಳ ವಸಾಹತು ಎದ್ದು ನಿಂತಿದೆ. ಕಾರಖಾನೆಯ ಎಲೆ ಮತ್ತು ತಂಬಾಕನ್ನು ಲೆಕ್ಕದಿಂದ ಪಡೆದು, ಮನೆಯಲ್ಲಿ ಸುತ್ತಿ, ಸಾವಿರದ ಎಣಿಕೆಯಲ್ಲಿ ಹಿಂತಿರುಗಿಸುವುದು ಅವರ ಕೆಲಸ. ತಂಬಾಕಿಗೆ ನೀರು ಸೋಕದಂತೆ, ಮಕ್ಕಳ ಕೈ ತಾಗದಂತೆ ಆ ತಾಯಂದಿರು ವಹಿಸುವ ಎಚ್ಚರ ಯಾವ ಪದವೀಧರನಿಗೂ ಪಾಠವಾಗಬಲ್ಲದು. ಮಾಲು ಮಾಲಕನದು, ಮನೆ ತಮ್ಮದು. ಎರಡರ ನಡುವಣ ಗೆರೆ ಎಲ್ಲಿದೆಯೆಂದು ಅವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ಒಂದು ಭೇದವುಂಟು. ತಂಬಾಕು ಕಳುವಾದರೆ ತೂಕದಲ್ಲಿ ಕಡಿಮೆಯಾಗುತ್ತದೆ. ನೂಲು ಕಳುವಾದರೆ ಬಟ್ಟೆಯ ಗಜದಲ್ಲಿ ಗೊತ್ತಾಗುತ್ತದೆ. ತೊಗರಿಯ ಚೀಲ ಹೋದರೆ ಗೋದಾಮಿನಲ್ಲಿ ಜಾಗ ಖಾಲಿಯಾಗುತ್ತದೆ. ಮಾಹಿತಿ ಮಾತ್ರ ಕದ್ದರೂ ಕಡಿಮೆಯಾಗದ ವಸ್ತು. ಕಳ್ಳ ಒಯ್ದ ಮೇಲೂ ಅದು ಇದ್ದಲ್ಲಿಯೇ ಇರುತ್ತದೆ, ಎಣಿಸಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಇಟ್ಟುಕೊಂಡವನು ನಿಶ್ಚಿಂತನಾಗಿ ಮಲಗುತ್ತಾನೆ. ತಿಂಗಳುಗಳ ನಂತರ ಎಲ್ಲಿಯೋ ಒಬ್ಬ ನಿವೃತ್ತ ಶಿಕ್ಷಕನ ಖಾತೆಯಿಂದ ಹಣ ಹೋದಾಗ, ಆ ಸಂಖ್ಯೆ ಯಾರ ಮನೆಯಿಂದ ಸೋರಿತೆಂದು ಹೇಳುವವರು ಯಾರೂ ಇರುವುದಿಲ್ಲ. ತಪ್ಪು ಮಾಡಿದವನಿಗೆ ತಪ್ಪು ಮಾಡಿದ ಅರಿವೇ ಆಗದಿರುವಂತಹ ಸಂದರ್ಭವಿದು. ಈ ಕಾರಣದಿಂದಲೇ ತಕ್ಕಡಿಯ ಕಾಲದ ಎಚ್ಚರ ಇಲ್ಲಿ ಸಾಲದಾಗಿದೆ.

ಬೆಂಗಳೂರಿನಲ್ಲಿ 2025ರ ಜುಲೈ ತಿಂಗಳಲ್ಲಿ ನಡೆದ ಘಟನೆಯನ್ನು ಇಲ್ಲಿ ವಿಚಾರ ಮಾಡಬೇಕು. ಕ್ರಿಪ್ಟೊ ಎಂದು ಕರೆಯಲಾಗುವ ಗಣಕ ನಾಣ್ಯಗಳ ವಹಿವಾಟು ನಡೆಸುವ ಕಾಯಿನ್‌ಡಿಸಿಎಕ್ಸ್ ಎಂಬ ಕಂಪನಿಯಿಂದ ಸುಮಾರು 4 ಕೋಟಿ 40 ಲಕ್ಷ ಡಾಲರ್, ಅಂದರೆ ಸುಮಾರು 379 ಕೋಟಿ ರೂಪಾಯಿ ಮೌಲ್ಯದ ನಾಣ್ಯಗಳು ಜುಲೈ 19ರಂದು ಕಳುವಾದವು. ಯಾವ ಗೋಡೆಗೂ ಕನ್ನ ಬೀಳಲಿಲ್ಲ. ಕಂಪನಿ ತನ್ನ ಒಬ್ಬ ನೌಕರನಿಗೆ ಕೆಲಸಕ್ಕೆಂದು ಕೊಟ್ಟಿದ್ದ ಲ್ಯಾಪ್‌ಟಾಪಿನ ಕಡೆಗೆ ತನಿಖೆ ಹೊರಳಿತು. ಪೊಲೀಸರ ಹೇಳಿಕೆಯಂತೆ, ಆ ನೌಕರನು ಅದೇ ಲ್ಯಾಪ್‌ಟಾಪಿನಲ್ಲಿ ಅಪರಿಚಿತರಿಗಾಗಿ ಬಿಡುವಿನ ವೇಳೆಯ ಬೇರೆ ಕೆಲಸಗಳನ್ನು ಮಾಡಿಕೊಡುತ್ತಿದ್ದನು. ಅವರು ಕಳುಹಿಸಿದ ಕಡತಗಳ ಜೊತೆಗೆ ಕಳ್ಳ ತಂತ್ರಾಂಶವೂ ಒಳಗೆ ಬಂದಿರಬೇಕೆಂಬುದು ಸಂಶಯ. ಆತನನ್ನು ಬಂಧಿಸಲಾಯಿತು. ಬೇರೆ ಕೆಲಸ ಮಾಡಿದ್ದನ್ನು ಆತ ಒಪ್ಪಿದನು, ಕಳವಿನಲ್ಲಿ ತನಗೆ ಪಾಲಿಲ್ಲವೆಂದನು. ಗ್ರಾಹಕರ ಹಣಕ್ಕೆ ತೊಂದರೆಯಿಲ್ಲ, ನಷ್ಟವನ್ನು ತಾನೇ ಭರಿಸುವೆನೆಂದು ಕಂಪನಿ ಸಾರಿತು.

ಆತನ ಅಪರಾಧದ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಆತ ಹೇಳಿದ್ದು ಪೂರ್ಣ ಸತ್ಯವೆಂದೇ ಇಟ್ಟುಕೊಂಡರೂ, ಮಾಲಕ ಒಂದು ಕೆಲಸಕ್ಕೆಂದು ಕೊಟ್ಟ ಉಪಕರಣವನ್ನು ಇನ್ನೊಂದಕ್ಕೆ ಬಳಸಿದುದು ಉಳಿದೇ ಉಳಿಯುತ್ತದೆ. ಒಬ್ಬರ ಎತ್ತನ್ನು ಬಿತ್ತನೆಗೆಂದು ತಂದು ಮತ್ತೊಬ್ಬರ ಬಾಡಿಗೆ ಗಾಡಿಗೆ ಹೂಡಿದರೆ ಯಾವ ಹಳ್ಳಿಯ ಪಂಚರೂ ಅದನ್ನು ಸರಿಯೆನ್ನಲಾರರು. 1872ರ ಭಾರತೀಯ ಕರಾರು ಕಾಯಿದೆಯೂ ಇದೇ ಮಾತನ್ನು ಹೇಳುತ್ತದೆ. ಪರರ ವಸ್ತುವನ್ನು ಕರಾರಿನಿಂದ ಇಟ್ಟುಕೊಂಡವನು, ಸಾಧಾರಣ ವಿವೇಕವುಳ್ಳ ಮನುಷ್ಯನು ಅಂತಹದೇ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನ ಮಾಡಬೇಕೆಂದು ಅದರ 151ನೆಯ ಕಲಮು ವಿಧಿಸಿದೆ. ಅಷ್ಟು ಮಾಡಿಯೂ ವಸ್ತು ಹೋದರೆ ಹೊಣೆಯಿಲ್ಲವೆಂದು ಮುಂದಿನ ಕಲಮು ಹೇಳುತ್ತದೆ. ದನಕ್ಕೆ, ಧಾನ್ಯಕ್ಕೆ, ಒಡವೆಗೆ ಈ ಅಳತೆ ಉತ್ತಮವಾದುದು. ಮಾಹಿತಿಯ ವಿಷಯದಲ್ಲಿ ಮಾತ್ರ ಜನರು ಸ್ವಂತದ್ದನ್ನೇ ಜೋಪಾನ ಮಾಡುವುದಿಲ್ಲ! ಮಗುವಿನ ಹೆಸರು ಮತ್ತು ಹುಟ್ಟಿದ ಇಸವಿಯನ್ನೇ ಪಾಸ್‌ವರ್ಡ್ ಮಾಡಿ, ಅದನ್ನೇ ಗ್ಯಾಸ್ ಬುಕಿಂಗಿಗೂ ಬ್ಯಾಂಕಿಗೂ ಕಂಪನಿಯ ಕೆಲಸಕ್ಕೂ ಬಳಸುವವರು ಎಷ್ಟು ಜನರಿಲ್ಲ? ಆದುದರಿಂದ ಕಾಯಿದೆಯ ಅಳತೆಗೋಲಿಗಿಂತ ಸೂಕ್ಷ್ಮವಾದ ಅಳತೆಗೋಲು ಬೇಕಾಗುತ್ತದೆ. ಅದು ಶಾಸ್ತ್ರದಲ್ಲಿದೆ.

ತತ್ತ್ವಾರ್ಥಸೂತ್ರವು ನ್ಯಾಸಾಪಹಾರವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿರುವುದು ವಿಚಾರಣೀಯವಾದುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯ ತಾತ್ಪರ್ಯ ಹೀಗಿದೆ: ಚಿನ್ನವೇ ಮುಂತಾದುದನ್ನು ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದೆಂದು ಒಪ್ಪಿಬಿಡುವುದೇ ನ್ಯಾಸಾಪಹಾರ. ಇಲ್ಲಿ ಬಲಾತ್ಕಾರವಿಲ್ಲ, ಕನ್ನವಿಲ್ಲ. ಒಂದು ‘ಹೌದು’ ಮಾತ್ರ ಇದೆ. ಠೇವಣಿಯೆಂದರೆ ಮೂಲದಲ್ಲಿ ಒಂದು ಮಾತು, ಆ ಮಾತು ಕೆಟ್ಟರೆ ಸತ್ಯವೇ ಕೆಟ್ಟಿತೆಂಬುದು ಭಾವ. ಇಂದಿನ ಜನರು ಸಿಮ್ ಕೊಳ್ಳುವಾಗ, ಸಾಲ ಕೇಳುವಾಗ, ಆಸ್ಪತ್ರೆಗೆ ಸೇರುವಾಗ ಎಲ್ಲೆಲ್ಲಿ ಯಾವ ಕಾಗದದ ನಕಲು ಕೊಟ್ಟಿದ್ದೇವೆಂಬುದನ್ನು ಪೂರ್ತಿ ಮರೆತಿರುತ್ತಾರೆ. ಇಟ್ಟವನು ಮರೆತಿದ್ದಾನೆ, ಇಟ್ಟುಕೊಂಡವನು ಮರೆಯುವಂತಿಲ್ಲ. ಪಡಸಾಲೆಯಲ್ಲಿ ಕುಳಿತ ತರುಣಿಗೆ ನ್ಯಾಸವನ್ನಿಟ್ಟವನು ಕಂಪನಿಯ ಯಜಮಾನ ಮಾತ್ರವಲ್ಲ, ಆಕೆ ಎಂದೂ ನೋಡದ, ತಾನೇನು ಕೊಟ್ಟೆನೆಂಬುದನ್ನೂ ಮರೆತ ಆ ಮನುಷ್ಯನು ಕೂಡ.

ಇನ್ನು ದೋಷದ ಅಳತೆ. ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಆಚಾರ್ಯರು ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳಿದ್ದಾರೆ. ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಪಾದದ ಕೆಳಗೆ ಅಕಸ್ಮಾತ್ತಾಗಿ ಕ್ಷುದ್ರಜೀವಿಯೊಂದು ಸಿಕ್ಕಿ ಸತ್ತರೂ ಅವರಿಗೆ ಬಂಧವಿಲ್ಲ. ಎಚ್ಚರಗೇಡಿಯಾಗಿ ನಡೆಯುವವನ ಕಾಲಿಗೆ ಒಂದು ಜೀವಿಯೂ ಸಿಗದಿದ್ದರೂ ಅವನಿಗೆ ದೋಷ ತಪ್ಪಿದ್ದಲ್ಲ. ಕಮಂಡಲುವನ್ನು ಎತ್ತುವಾಗಲೂ ಇಡುವಾಗಲೂ ಪಿಂಛಿಯಿಂದ ನೆಲವನ್ನು ಶೋಧಿಸುವ ಆದಾನ-ನಿಕ್ಷೇಪಣ ಸಮಿತಿಯ ಹಿಂದೆ ಇರುವುದು ಇದೇ ತತ್ತ್ವ. ಇದನ್ನು ಪ್ರಸ್ತುತ ವಿಷಯಕ್ಕೆ ಅನ್ವಯಿಸಿದರೆ ದೊರೆಯುವ ಉತ್ತರ ಲೋಕದ ಅಭಿಪ್ರಾಯಕ್ಕೆ ವಿರುದ್ಧವಾಗಿದೆ. ಲೋಕವು ಕಳವಾದವನನ್ನು ನಿಂದಿಸುತ್ತದೆ, ಕಳವಾಗದವನನ್ನು ಜಾಣನೆನ್ನುತ್ತದೆ. ಶಾಸ್ತ್ರದ ಅಳತೆಯಲ್ಲಿ, ಮಾಡಬೇಕಾದ ಎಚ್ಚರವನ್ನೆಲ್ಲ ಮಾಡಿಯೂ ಮೋಸಹೋದವನು ನಿರ್ದೋಷಿ. ಏನೂ ಎಚ್ಚರ ವಹಿಸದೆ, ಅದೃಷ್ಟದಿಂದ ಏನೂ ಕಳೆದುಕೊಳ್ಳದವನು ದೋಷಿ.

ಇಂತಹ ದೀರ್ಘ ಪ್ರಮಾದಕ್ಕೆ ಅಮೆರಿಕದ ಲಾಸ್ಟ್‌ಪಾಸ್ ಕಂಪನಿಯ ಪ್ರಕರಣ ನಿದರ್ಶನವಾಗಿದೆ. ಜನರ ಪಾಸ್‌ವರ್ಡುಗಳನ್ನು ಕಾದಿಡುವುದೇ ಈ ಕಂಪನಿಯ ವ್ಯಾಪಾರ. 2022ರಲ್ಲಿ ಕಳ್ಳರು ಇದರೊಳಗೆ ನುಗ್ಗಿದ್ದು ಒಬ್ಬ ಹಿರಿಯ ತಂತ್ರಜ್ಞನ ಮನೆಯ ಕಂಪ್ಯೂಟರಿನಿಂದ. ಕೀಲಿಕೈಗಳು ತಲುಪುತ್ತಿದ್ದುದು ಕೇವಲ ನಾಲ್ವರಿಗೆ. ಆತ ಅವರಲ್ಲಿ ಒಬ್ಬ. ಮನೆಯಲ್ಲಿ ಚಲನಚಿತ್ರ ಮುಂತಾದುವನ್ನು ನೋಡಲು ಹಾಕಿಕೊಂಡಿದ್ದ ಪ್ಲೆಕ್ಸ್ ಎಂಬ ತಂತ್ರಾಂಶದಲ್ಲಿ ಒಂದು ದೋಷವಿತ್ತು. ಅದನ್ನು ಸರಿಪಡಿಸಿದ ಹೊಸ ಆವೃತ್ತಿ 2020ರ ಮೇ ತಿಂಗಳಲ್ಲಿಯೇ ಬಂದಿತ್ತು. ಎರಡು ವರ್ಷವಾದರೂ ಅದನ್ನು ಹಾಕಿಕೊಂಡಿರಲಿಲ್ಲ. ಆ ಬಿರುಕಿನಿಂದ ಒಳಬಂದವರು ಆತ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಓದಿದರು. ಪರದೆಯ ಮೇಲೆ ‘ಅಪ್‌ಡೇಟ್ ಮಾಡಿ’ ಎಂಬ ಸೂಚನೆ ಬಂದಾಗಲೆಲ್ಲ ‘ನಾಳೆ’ ಎಂದು ತಳ್ಳುವವರು ಈ ಸಂಗತಿಯನ್ನು ನೆನೆಯಬೇಕು. ಸೋರುವ ಮಾಳಿಗೆಗೆ ಮಳೆಗಾಲದ ಮುಂಚೆ ಮಣ್ಣು ಹಾಕದವನು ಮೋಡವನ್ನು ಬೈಯುವಂತಿಲ್ಲ.

ಇಲ್ಲಿ ಕುಟುಂಬಸ್ಥರಿಂದ ಒಂದು ಆಕ್ಷೇಪ ಬರುತ್ತದೆ. ಮನೆಯೆಂದರೆ ನಂಬಿಕೆಯ ಸ್ಥಾನ. ಹತ್ತು ಜನರಿರುವ ಕೂಡು ಕುಟುಂಬದಲ್ಲಿ ಸೊಸೆಯು ನೀರು ಕುಡಿಯಲು ಏಳುವಾಗಲೂ ಪರದೆಗೆ ಕೀಲಿ ಹಾಕಿ ಏಳುತ್ತಾಳೆಂದರೆ, ಮಾವನವರನ್ನೇ ಕಳ್ಳನೆಂದು ಬಗೆದಂತಾಗಲಿಲ್ಲವೆ? ಆಟವಾಡಲು ಲ್ಯಾಪ್‌ಟಾಪ್ ಕೇಳಿದ ಅಕ್ಕನ ಮಗನಿಗೆ ಇಲ್ಲವೆನ್ನುವುದು ಕಠಿಣವಲ್ಲವೆ? ಈ ನೋವು ಸಹಜವಾದುದು, ಇದನ್ನು ನಕ್ಕು ತಳ್ಳಬಾರದು. ಆದರೆ ವ್ಯಾಪಾರಸ್ಥರ ಮನೆಗಳಲ್ಲಿ ಇದಕ್ಕೆ ಉತ್ತರ ಮೊದಲೇ ಇದೆ. ಮಗ ಅಂಗಡಿಯಿಂದ ತಂದ ರೊಕ್ಕವನ್ನು ತಂದೆ ಮಗನೆದುರಿಗೇ ಎಣಿಸುತ್ತಾನೆ. ಅದರಿಂದ ಮಗನ ಮಾನ ಹೋಗುವುದಿಲ್ಲ. ಎಣಿಸಿದ್ದರಿಂದಲೇ ನಾಳೆ ಮಗನ ಮೇಲೆ ಸಂಶಯ ಬರುವ ಪ್ರಸಂಗ ತಪ್ಪುತ್ತದೆ. ಮೇಲಾಗಿ ಬಾಲಕನು ಕೆಟ್ಟವನೆಂದು ಯಾರೂ ಹೇಳುತ್ತಿಲ್ಲ. ಪುಕ್ಕಟೆ ಆಟವೆಂದು ಅವನು ಒತ್ತಿದ ಗುಂಡಿಯ ಹಿಂದೆ ಯಾರಿದ್ದಾರೆಂಬುದು ಅವನಿಗೆ ಗೊತ್ತಿರಲಾರದು. ಸೊಸೆಯು ಕಾಯುತ್ತಿರುವುದು ತನ್ನ ವಸ್ತುವನ್ನಲ್ಲವಾದುದರಿಂದ ಉದಾರಳಾಗಲು ಆಕೆಗೆ ಅಧಿಕಾರವೂ ಇಲ್ಲ. ಸ್ವಂತ ತಿಜೋರಿಯನ್ನು ತೆರೆದಿಡುವುದು ಔದಾರ್ಯವಾದೀತು. ಪರರ ಠೇವಣಿಯನ್ನು ತೆರೆದಿಡುವುದನ್ನು ಔದಾರ್ಯವೆನ್ನಲಾಗದು. ಹಿರಿಯರು ಇದನ್ನು ಅರಿತು, ಆಕೆ ಬಾಗಿಲು ಮುಂದೆ ಮಾಡಿಕೊಂಡು ಫೋನಿನಲ್ಲಿ ಮಾತನಾಡಿದರೆ ಬೇಸರಿಸದೆ, ‘ಕೆಲಸದ ಮಾತಿದೆ’ ಎಂದು ಮಕ್ಕಳನ್ನು ಹೊರಗೆ ಕರೆದರೆ ಅದೇ ದೊಡ್ಡ ಸಹಾಯ. ಪಡಸಾಲೆಯಲ್ಲಿ ಗಟ್ಟಿಯಾಗಿ ಆಡಿದ ಗ್ರಾಹಕನ ಹೆಸರು, ಸಾಲದ ಮೊತ್ತ ಸಂಜೆಯೊಳಗೆ ಕಟ್ಟೆಯ ಮೇಲಿನ ಮಾತಾಗಬಹುದು. ಪರರ ಗುಟ್ಟನ್ನು ಬಯಲು ಮಾಡುವುದನ್ನೂ ಶಾಸ್ತ್ರ ಸತ್ಯವ್ರತದ ಅತಿಚಾರಗಳಲ್ಲಿಯೇ ಎಣಿಸಿದೆ.

ಸಜ್ಜನಿಕೆಯೇ ಮುಳುವಾಗುವ ಇನ್ನೊಂದು ಸ್ಥಳ ದೂರವಾಣಿ. 2020ರ ಜುಲೈ 15ರಂದು, ಆಗ ಟ್ವಿಟರ್ ಎಂದು ಹೆಸರಿದ್ದ ಕಂಪನಿಯಲ್ಲಿ ದೊಡ್ಡ ಅನಾಹುತವಾಯಿತು. ನೌಕರರು ಮನೆಗಳಿಂದ ಕೆಲಸ ಮಾಡುತ್ತಿದ್ದರು. ಕಂಪನಿಯ ಜಾಲಕ್ಕೆ ಸೇರಿಸುವ ವಿಪಿಎನ್ ಎಂಬ ಮಾರ್ಗ ಆಗಾಗ ಕೈಕೊಡುತ್ತಿತ್ತು. ಇದನ್ನು ಅರಿತ ಮೋಸಗಾರರು ತಾವು ಕಂಪನಿಯ ತಾಂತ್ರಿಕ ವಿಭಾಗದವರೆಂದೂ ತೊಂದರೆ ಸರಿಪಡಿಸಿಕೊಡುವೆವೆಂದೂ ನೌಕರರಿಗೆ ಕರೆ ಮಾಡಿದರು. ನಕಲಿ ಪುಟವೊಂದರಲ್ಲಿ ಕೆಲವರು ಪಾಸ್‌ವರ್ಡ್ ತುಂಬಿದರು. ಅಷ್ಟರಿಂದ ಒಬಾಮಾ, ಬಿಲ್ ಗೇಟ್ಸ್‌ರಂತಹವರ ಖಾತೆಗಳೂ ಸೇರಿದಂತೆ 130 ಖಾತೆಗಳ ಮೇಲೆ ಕೈಯಿಟ್ಟು, ಜನರಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕಿತ್ತುಕೊಂಡರು. ಮುಖ್ಯ ಆರೋಪಿ 17 ವರ್ಷದ ಹುಡುಗ! ಅವನು ಯಂತ್ರದ ಬೀಗ ಮುರಿಯಲಿಲ್ಲ. ಸಹಾಯ ಮಾಡಲು ಬಂದವನಿಗೆ ಇಲ್ಲವೆನ್ನಲಾಗದ ಮನುಷ್ಯ ಸ್ವಭಾವವನ್ನೇ ಕೀಲಿಕೈಯಾಗಿ ಬಳಸಿದನು. ಗಡಿಭಾಗದ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಬ್ಯಾಂಕು, ಕಂಪನಿಗಳ ಸಂದೇಶಗಳು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಬರುತ್ತವೆ. ಅರ್ಧ ಅರ್ಥವಾಗದ ಭಾಷೆಯಲ್ಲಿ ಅಧಿಕಾರದ ಧ್ವನಿ ಕೇಳಿದಾಗ ಮನುಷ್ಯನು ಪ್ರಶ್ನಿಸುವುದಕ್ಕಿಂತ ಒಪ್ಪುವುದಕ್ಕೇ ಮುಂದಾಗುತ್ತಾನೆ. ‘ತಮ್ಮ ಕರೆಯನ್ನು ಇಡುತ್ತೇನೆ, ಕಂಪನಿಯ ಗೊತ್ತಿರುವ ನಂಬರಿಗೆ ನಾನೇ ಕರೆ ಮಾಡುತ್ತೇನೆ’ ಎಂದು ವಿನಯದಿಂದ ಹೇಳಿ ಫೋನ್ ಇಟ್ಟರೆ ಯಾರಿಗೂ ಅವಮಾನವಿಲ್ಲ. ನಿಜವಾದ ಅಧಿಕಾರಿ ಅದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ಅದೇ ಗುರುತು.

ಉಳಿದ ಎಚ್ಚರಗಳು ಸಾಮಾನ್ಯವಾದವು. ಪ್ರತಿಯೊಂದು ಖಾತೆಗೂ ಬೇರೆ ಬೇರೆಯಾದ, ಉದ್ದವಾದ ಪಾಸ್‌ವರ್ಡ್ ಇರಬೇಕು. ಅದರ ಮೇಲೆ ಓಟಿಪಿಯಂತಹ ಎರಡನೆಯ ಕಾವಲು ಇರಬೇಕು, ಆ ಓಟಿಪಿಯನ್ನು ಯಾರು ಕೇಳಿದರೂ ಹೇಳಬಾರದು. ವೈಫೈ ಪೆಟ್ಟಿಗೆ ಜೋಡಿಸಲು ಬಂದವನು ಹಾಕಿಹೋದ ಪಾಸ್‌ವರ್ಡನ್ನು ಅನೇಕ ಮನೆಗಳಲ್ಲಿ ವರ್ಷಗಟ್ಟಲೆ ಬದಲಿಸುವುದೇ ಇಲ್ಲ, ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಅದು ಗೊತ್ತಿರುತ್ತದೆ. ಹೊಸ ಮನೆಗೆ ಬಂದವರು ಹಳೆಯ ಬಾಡಿಗೆದಾರನ ಬೀಗವನ್ನೇ ಮುಂದುವರಿಸಿದಂತೆ ಇದು. ಸಿಕ್ಕ ಪೆನ್‌ಡ್ರೈವನ್ನು ಕಂಪನಿಯ ಯಂತ್ರಕ್ಕೆ ಹಾಕುವುದು, ರೈಲು ನಿಲ್ದಾಣದ ಪುಕ್ಕಟೆ ವೈಫೈನಲ್ಲಿ ಕಚೇರಿಯ ಕೆಲಸ ತೆರೆಯುವುದು ಬೇಡ.

ಇಷ್ಟೆಲ್ಲ ನೌಕರನಿಗೆ ಹೇಳಿದ ಮೇಲೆ ಮಾಲಕನಿಗೆ ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಬೀಡಿ ಕಾರ್ಮಿಕಳಿಗೆ ಎಲೆ ತಂಬಾಕು ಕೊಡದೆ ಬೀಡಿ ಕೇಳುವ ಕಾರಖಾನೆಯಿಲ್ಲ. ಆದರೆ ನೌಕರನ ಹಳೆಯ ಕಂಪ್ಯೂಟರಿನಲ್ಲಿಯೇ ಕೆಲಸ ಮಾಡಿಸಿ, ರಕ್ಷಣೆಯ ತಂತ್ರಾಂಶ ಕೊಡದೆ, ಒಂದು ದಿನವೂ ಕಲಿಸದೆ, ಕಳವಾದಾಗ ಮಾತ್ರ ನೌಕರನ ಹೆಸರು ಹುಡುಕುವ ಕಂಪನಿಗಳುಂಟು. ಲಾಭ ಯಾರಿಗೋ ಜೋಪಾನದ ಖರ್ಚೂ ಅವರಿಗೇ ಸೇರತಕ್ಕದ್ದು. ಇದು ವ್ಯಾಪಾರದ ಮೊದಲ ನ್ಯಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಜನರ ಮಾಹಿತಿ ಪಡೆದ ಸಂಸ್ಥೆಯನ್ನು ಇಂಗ್ಲಿಷಿನಲ್ಲಿ ‘ಫಿಡ್ಯೂಷಿಯರಿ’ ಎಂದು ಕರೆದಿದೆ. ನ್ಯಾಸವನ್ನು ಹೊತ್ತವನೆಂದೇ ಆ ಶಬ್ದದ ಅರ್ಥ. ಯೋಗ್ಯ ರಕ್ಷಣಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವನ್ನು ಆ ಕಾಯಿದೆ ಹೇಳಿದೆ. ಆ ದಂಡ ಸಂಸ್ಥೆಗೆ, ಪಡಸಾಲೆಯಲ್ಲಿ ಕುಳಿತ ನೌಕರಳಿಗಲ್ಲ.

ಇದನ್ನು ತರುಣರು ತಿಳಿದಿರುವುದು ಇನ್ನೊಂದು ಕಾರಣಕ್ಕೆ ಅವಶ್ಯ. ತಪ್ಪು ಗುಂಡಿ ಒತ್ತಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಆ ತಪ್ಪಲ್ಲ, ಅದನ್ನು ಮುಚ್ಚಿಡುವುದು. ಕೆಲಸ ಹೋದೀತು, ಮನೆಯವರು ಏನೆಂದಾರು ಎಂಬ ಭಯದಿಂದ ಒಬ್ಬಳು ಎರಡು ದಿನ ಸುಮ್ಮನಿದ್ದರೆ ಆ ಎರಡು ದಿನ ಕಳ್ಳನಿಗೆ ಹಬ್ಬ. ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂತಹ ಘಟನೆಗಳು ತಿಳಿದ ಆರು ಗಂಟೆಗಳೊಳಗೆ ಕಂಪನಿಗಳು ವರದಿ ಮಾಡಬೇಕು. ನೌಕರರೇ ಬಾಯಿ ತೆರೆಯದಿದ್ದರೆ ಕಂಪನಿಗೆ ತಿಳಿಯುವುದು ಹೇಗೆ? ಆದ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ಹೇಳುವುದಕ್ಕೆ ಆಲೋಚನೆಯೆಂದು ಹೆಸರು, ಪ್ರಾಯಶ್ಚಿತ್ತಗಳಲ್ಲಿ ಅದೇ ಮೊದಲನೆಯದು. ಹೇಳಿದವರನ್ನು ಶಿಕ್ಷಿಸುವ ಮಾಲಕನು ಮುಂದಿನವರಿಗೆ ಮುಚ್ಚಿಡುವುದನ್ನು ಕಲಿಸುತ್ತಾನೆ; ಬೈಯುವ ತಂದೆಯೂ ಅದನ್ನೇ ಕಲಿಸುತ್ತಾನೆ. ಸಂಶಯ ಬಂದ ಕೂಡಲೇ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ, ಕಂಪನಿಗೆ ತಿಳಿಸಬೇಕು. ಹಣವೂ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದೆ ಸಾಗದಂತೆ ಖಾತೆಯಲ್ಲಿಯೇ ತಡೆಯುವ ಸಂಭವ ಹೆಚ್ಚು. ಊರಿನ ಮೊಬೈಲ್ ಅಂಗಡಿಗೆ ಒಯ್ದು ಎಲ್ಲವನ್ನೂ ಅಳಿಸಿಸುವುದು ಮಾತ್ರ ಬೇಡ, ಕಳ್ಳ ಬಂದುಹೋದ ಹೆಜ್ಜೆಗಳು ಆ ಯಂತ್ರದೊಳಗೇ ಇರುತ್ತವೆ.